ಮೈಸೂರಿನ ಮಣ್ಣು ಎಷ್ಟು ತಡೆಯುತ್ತದೆ? ಶಿಯರ್ ಪರೀಕ್ಷೆಗಳ ಸುತ್ತ ಒಂದು ಸಮೀಕ್ಷೆ

ಮೈಸೂರಿನಲ್ಲಿ ಸ್ವಂತ ಮನೆ ಕಟ್ಟಿಸುವಾಗ ಮಣ್ಣು ಪರೀಕ್ಷೆ ಮಾಡಿಸುವವರು ಅಪರೂಪ. ಮೇಸ್ತ್ರಿ ನಾಲ್ಕೈದು ಅಡಿ ಪಾಯ ತೆಗೆಸುತ್ತಾನೆ, ತಳಕ್ಕೆ ಹಾರೆ ಹಾಕಿ ನೋಡುತ್ತಾನೆ, ಹಾರೆ ಎಗರಿ ಬಂದರೆ ‘ಗಟ್ಟಿ ಸಿಕ್ತು ಸಾರ್’ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಈ ಪದ್ಧತಿಯನ್ನು ಹೀಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ನಗರದ ಬಹುಭಾಗದಲ್ಲಿ ಮೇಲೆ ಕೆಂಪು ಮಣ್ಣು, ಅದರಡಿ ಜಲ್ಲಿ ಬೆರೆತ ಮೊರಂ, ಇನ್ನೂ ಕೆಳಗೆ ಕೊಳೆತ ಬಂಡೆ. ಎರಡಂತಸ್ತಿನ ಮನೆಯ ಭಾರ ಈ ನೆಲಕ್ಕೆ ಲೆಕ್ಕಕ್ಕೇ ಇಲ್ಲ. ತಲೆಮಾರುಗಳಿಂದ ಹಾರೆಯ ಪರೀಕ್ಷೆ ಪಾಸಾಗುತ್ತ ಬಂದಿರುವುದರಲ್ಲಿ ಮೇಸ್ತ್ರಿಯ ಅನುಭವದ ಪಾಲೂ ಇದೆ, ನೆಲದ ಔದಾರ್ಯದ ಪಾಲೂ ಇದೆ.

ತೊಂದರೆ ಹುಟ್ಟುವುದು ಈ ಔದಾರ್ಯ ರೂಢಿಯಾಗಿ, ಅದು ಸಲ್ಲದ ಕಡೆಗೂ ಹೋದಾಗ. ಎರಡು ನೆಲಮಾಳಿಗೆಯ ಅಪಾರ್ಟ್‌ಮೆಂಟಿಗೆ ಪಕ್ಕದ ಮನೆಯ ಗೋಡೆಯ ಬುಡದವರೆಗೆ ಅಗೆಯುವಾಗ, ಮುಚ್ಚಿದ ಕೆರೆಯ ಮೇಲೆ ಕಟ್ಟಡ ಏಳುವಾಗ, ಬೆಟ್ಟದ ಪಕ್ಕೆ ಕಡಿದು ರಸ್ತೆ ಮಾಡುವಾಗ ನೆಲ ಗಟ್ಟಿಯೋ ಮೆದುವೋ ಎಂಬಷ್ಟೇ ಸಾಲದು. ಮಣ್ಣಿನ ಒಂದು ಭಾಗ ಇನ್ನೊಂದರ ಮೇಲೆ ಜಾರದಂತೆ ಎಷ್ಟು ತಡೆಯಬಲ್ಲದು ಎಂಬುದು ಗೊತ್ತಾಗಬೇಕು. ಎಂಜಿನಿಯರುಗಳು ಶಿಯರ್ ಬಲ ಅನ್ನುವುದು ಇದಕ್ಕೇ. ಮಣ್ಣು ಒತ್ತಿದರೆ ಕಲ್ಲಿನಂತೆ ಪುಡಿಯಾಗುವುದಿಲ್ಲ. ಅದು ಸೋಲುವುದು ಹೆಚ್ಚುಕಡಿಮೆ ಯಾವಾಗಲೂ ಜಾರಿಯೇ. ಪಾಯದ ಕೆಳಗೆ ನೆಲ ಪಕ್ಕಕ್ಕೆ ಉಬ್ಬುವುದೂ, ದಿಬ್ಬ ಕುಸಿಯುವುದೂ, ತಡೆಗೋಡೆ ಮುಂದಕ್ಕೆ ಬಾಗುವುದೂ ಒಂದೇ ಸೋಲಿನ ಬೇರೆಬೇರೆ ರೂಪಗಳು.

2021ರ ಅಕ್ಟೋಬರಿನಲ್ಲಿ ಚಾಮುಂಡಿ ಬೆಟ್ಟದ ವ್ಯೂ ಪಾಯಿಂಟಿನಿಂದ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಮಳೆಗೆ ಬಿರುಕು ಬಿಟ್ಟು ಇಳಿಜಾರಿಗೆ ಜಾರಿತು. ರಸ್ತೆ ಬಂದ್ ಆಯಿತು. ಮಳೆ ಮುಂದುವರಿದಂತೆ ಕುಸಿತವೂ ಬೆಳೆಯಿತು. ಆಗ ಊರಲ್ಲಿ ಕೇಳಿಬಂದ ಮಾತು, ‘ಬೆಟ್ಟ ಕುಸೀತಿದೆ’ ಎಂದು. ಚಾಮುಂಡಿ ಬೆಟ್ಟ ಗ್ರಾನೈಟಿನದು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಅದೇ ಬೆಟ್ಟದ ಬಂಡೆಯಲ್ಲಿ ಕಡೆದ ನಂದಿ ಇಂದಿಗೂ ಕೂತಲ್ಲೇ ಕೂತಿದೆ. ಜಾರಿದ್ದು ಬಂಡೆಯ ಮೇಲೆ ಹೊದ್ದಿಕೆಯಂತಿರುವ ಮಣ್ಣು. ಬೆಟ್ಟದ ರಸ್ತೆಗಳನ್ನು ಸಾಮಾನ್ಯವಾಗಿ ಮೇಲಿನ ಪಕ್ಕ ಕಡಿದು, ಆ ಮಣ್ಣನ್ನೇ ಕೆಳಗಿನ ಪಕ್ಕಕ್ಕೆ ತುಂಬಿ ಅಗಲ ಮಾಡುತ್ತಾರೆ. ಒಂದು ಗಾಲಿ ಹುಟ್ಟುನೆಲದ ಮೇಲೆ ಓಡಿದರೆ ಇನ್ನೊಂದು ಭರ್ತಿ ಮಣ್ಣಿನ ಮೇಲೆ. ನೀರು ಇಳಿದಾಗ ಮೊದಲು ಕೈಕೊಡುವುದು ಈ ಎರಡನೆಯದು. ಅದರ ಬಲವೆಷ್ಟು, ನೆನೆದಾಗ ಎಷ್ಟು ಉಳಿಯುತ್ತದೆ ಎಂಬುದನ್ನು ಲ್ಯಾಬಿನಲ್ಲಿ ಅಳೆಯಬಹುದು. ಅಳೆಯುವ ವಿದ್ಯೆ ಹೊಸದೇನಲ್ಲ.

ಫ್ರಾನ್ಸಿನ ಸೇನಾ ಎಂಜಿನಿಯರ್ ಕುಲೋಂಬ್ 1773ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಮಂಡಿಸಿದ ಪ್ರಬಂಧದಲ್ಲೇ ಇದರ ಮೂಲವಿದೆ. ಜಾರದಂತೆ ತಡೆಯುವ ಶಕ್ತಿಗೆ ಎರಡು ಮೂಲ: ಕಣಗಳ ನಡುವಿನ ಅಂಟು, ಮತ್ತು ಮೇಲಿನ ಭಾರ ಹೆಚ್ಚಿದಷ್ಟೂ ಹೆಚ್ಚುವ ಘರ್ಷಣೆ. ಘರ್ಷಣೆಯನ್ನು ಒಂದು ಕೋನದಲ್ಲಿ ಹೇಳುವುದು ರೂಢಿ. ಸುಮಾರು 150 ವರ್ಷ ಎಂಜಿನಿಯರುಗಳು ಈ ಸೂತ್ರದಲ್ಲಿ ಲೆಕ್ಕ ಮಾಡಿದರು, ಮಣ್ಣು ಮಾತ್ರ ಕೆಲವೊಮ್ಮೆ ಲೆಕ್ಕಕ್ಕೆ ಒಗ್ಗಲಿಲ್ಲ. ಕಾರಣ ಹೇಳಿದವರು ಕಾರ್ಲ್ ಟೆರ್ಜಾಗಿ. ನೆನೆದ ಮಣ್ಣಿನ ಮೇಲೆ ಭಾರ ಬಿದ್ದಾಗ ಅದರಲ್ಲೊಂದು ಪಾಲನ್ನು ರಂಧ್ರಗಳಲ್ಲಿರುವ ನೀರು ಹೊರುತ್ತದೆ, ನೀರಿಗೆ ಘರ್ಷಣೆಯಿಲ್ಲ. ಕಣಗಳು ತಾವಾಗಿ ಹೊತ್ತ ಭಾರಕ್ಕೆ ಮಾತ್ರ ಘರ್ಷಣೆ ಹುಟ್ಟುತ್ತದೆ. 1925ರಲ್ಲಿ ಬಂದ ಅವರ ಜರ್ಮನ್ ಗ್ರಂಥದಿಂದಲೇ ಮಣ್ಣಿನ ಎಂಜಿನಿಯರಿಂಗ್ ಒಂದು ಶಾಸ್ತ್ರವಾಯಿತು ಎನ್ನುವವರಿದ್ದಾರೆ. ಶಿಯರ್ ಪರೀಕ್ಷೆಗಳ ಇಂದಿನ ಎಲ್ಲ ಜಂಜಾಟವೂ ಈ ಒಂದು ಮಾತಿನಿಂದ ಹುಟ್ಟಿದ್ದು: ಪರೀಕ್ಷೆಯ ಹೊತ್ತಿನಲ್ಲಿ ನೀರು ಎಲ್ಲಿತ್ತು, ಹೊರಗೆ ಹೋಗಲು ಅದಕ್ಕೆ ದಾರಿಯಿತ್ತೇ, ಸಮಯವಿತ್ತೇ?

ನಮ್ಮ ಲ್ಯಾಬುಗಳಲ್ಲಿ ಹೆಚ್ಚು ನಡೆಯುವುದು ಶಿಯರ್ ಬಾಕ್ಸ್ ಪರೀಕ್ಷೆ. ಮೈಸೂರಿನಲ್ಲಿ 1946ರ ಎನ್‌ಐಇ, 1963ರ ಎಸ್‌ಜೆಸಿಇ ಕಾಲೇಜುಗಳಿಂದ ಹಿಡಿದು ಸಿವಿಲ್ ಓದಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಈ ಯಂತ್ರದ ಮುಂದೆ ನಿಂತಿರುತ್ತಾರೆ. ಒಳಅಳತೆ 60 ಮಿ.ಮೀ. ಚೌಕದ ಲೋಹದ ಪೆಟ್ಟಿಗೆ, ಅಡ್ಡಕ್ಕೆ ಎರಡು ಹೋಳು. ತಳದಲ್ಲೂ ಮೇಲೂ ನೀರು ಹಾಯುವ ರಂಧ್ರಶಿಲೆ, ನಡುವೆ 25 ಮಿ.ಮೀ. ದಪ್ಪದ ಮಣ್ಣಿನ ಬಿಲ್ಲೆ. ಮೇಲಿನಿಂದ ಭಾರ ಹೇರಬೇಕು. ಪೆಟ್ಟಿಗೆಯ ವಿಸ್ತೀರ್ಣ 36 ಚದರ ಸೆಂಟಿಮೀಟರ್, ಆದ್ದರಿಂದ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಒತ್ತಡ ಬೇಕಾದರೆ 18 ಕಿಲೋ. ಸನ್ನೆಕೋಲು ಒಂದಕ್ಕೆ ಐದಾಗಿದ್ದರೆ ತಟ್ಟೆಗೆ 3.6 ಕಿಲೋ ಬಟ್ಟು ಸಾಕು. ಎರಡು ಹೋಳನ್ನು ಹಿಡಿದಿಟ್ಟ ಪಿನ್ನುಗಳನ್ನು ಕಿತ್ತು ಮೋಟಾರು ಹಾಕಿದರೆ ಕೆಳಗಿನ ಹೋಳು ಮೆಲ್ಲಗೆ ಸರಿಯುತ್ತದೆ, ಮೇಲಿನದನ್ನು ಬಲ ಅಳೆಯುವ ಪ್ರೂವಿಂಗ್ ರಿಂಗ್ ತಡೆಯುತ್ತದೆ. ರಿಂಗಿನ ಡಯಲ್ ಗೇಜಿನ ಮುಳ್ಳು ಏರುತ್ತ ಹೋಗಿ, ಒಂದು ಹಂತದಲ್ಲಿ ತಡವರಿಸಿ ನಿಲ್ಲುತ್ತದೆ. ಬಿಗಿಯಾಗಿ ಕೂತ ಮಣ್ಣಾದರೆ ಹಿಂದಕ್ಕೂ ಬರುತ್ತದೆ. ಮಣ್ಣು ಸೋತದ್ದು ಅಲ್ಲೇ. ಪಿನ್ನು ಕೀಳಲು ಮರೆತು ಮೋಟಾರು ಹಾಕಿದ ಬ್ಯಾಚು ಇಲ್ಲದ ಕಾಲೇಜು ಇರಲಾರದು. ಆಗ ಅಳತೆಗೆ ಬರುವುದು ಪಿನ್ನಿನ ಬಲ.

ಬೇರೆಬೇರೆ ಭಾರಗಳಲ್ಲಿ ಹೀಗೆ ಮೂರು ಸಲ ಮಾಡಿ, ಮೂರು ಬಿಂದುಗಳ ನಡುವೆ ಗೆರೆ ಎಳೆದರೆ ಅಂಟೂ ಕೋನವೂ ಸಿಗುತ್ತವೆ. ಮಣ್ಣು ಪರೀಕ್ಷೆಗಳ ಭಾರತೀಯ ಮಾನಕ ಐಎಸ್ 2720 ಸಂಹಿತೆಯ 13ನೇ ಭಾಗ ಹೇಳುವುದು ಇದನ್ನೇ. ಅಗ್ಗ, ಬೇಗ, ಯಂತ್ರ ಎಲ್ಲೆಡೆ ಇದೆ. ಮಿತಿಯೂ ಅಷ್ಟೇ ದೊಡ್ಡದು. ಮಣ್ಣು ತನಗೆ ದುರ್ಬಲವಾದ ಕಡೆ ಸೀಳುವುದಿಲ್ಲ, ಪೆಟ್ಟಿಗೆ ಸೀಳಿಸಿದ ಕಡೆ ಸೀಳುತ್ತದೆ. ನೀರನ್ನು ಹಿಡಿದಿಡಲಾಗದು, ಅದರ ಒತ್ತಡ ಅಳೆಯಲಾಗದು. ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಓಡಿಸಿದರೆ ಸುಮಾರು ಹತ್ತು ನಿಮಿಷದಲ್ಲಿ ಪರೀಕ್ಷೆಯೇ ಮುಗಿಯುತ್ತದೆ. ಮರಳಿಗೆ ಇದು ಸಾಕು. ಜೇಡಿಯಲ್ಲಿ ಅಷ್ಟರೊಳಗೆ ನೀರು ಅರ್ಧ ದಾರಿಯನ್ನೂ ಕ್ರಮಿಸಿರುವುದಿಲ್ಲ, ಬಂದ ಅಂಕಿ ನೀರು ಬಸಿದ ಸ್ಥಿತಿಯದೂ ಅಲ್ಲ, ಬಸಿಯದ ಸ್ಥಿತಿಯದೂ ಅಲ್ಲ.

ಮೈಸೂರಿನ ನೆಲಕ್ಕೆ ಇನ್ನೊಂದು ತೊಡಕಿದೆ. ಚಿಕ್ಕ ಪೆಟ್ಟಿಗೆ 4.75 ಮಿ.ಮೀ. ಜರಡಿ ದಾಟುವ ಮಣ್ಣಿಗೆ ಹೇಳಿ ಮಾಡಿಸಿದ್ದು. ನಮ್ಮ ಮೊರಮ್ಮಿನಲ್ಲಿ ಅದಕ್ಕಿಂತ ದಪ್ಪ ಜಲ್ಲಿ ಯಥೇಚ್ಛ. ಜಲ್ಲಿ ಆರಿಸಿ ತೆಗೆದು, ಉಳಿದ ಪುಡಿಯನ್ನು ಪೆಟ್ಟಿಗೆಗೆ ತುಂಬಿ, ‘ಈ ಸೈಟಿನ ಮಣ್ಣಿನ ಶಿಯರ್ ಬಲ ಇಷ್ಟು’ ಎಂದು ಬರೆದರೆ ಅದು ಆ ಸೈಟಿನ ಮಣ್ಣಲ್ಲ, ಅದರ ಜರಡಿ ಹಿಡಿದ ರೂಪ. ಜಲ್ಲಿಮಣ್ಣಿಗೆಂದೇ ಸಂಹಿತೆಯ 39ನೇ ಭಾಗದಲ್ಲಿ 300 ಮಿ.ಮೀ.ನ ದೊಡ್ಡ ಪೆಟ್ಟಿಗೆಯಿದೆ, ಆದರೆ ಅದಕ್ಕೆ ಮಣ್ಣು ಬೇಕಾಗುವುದು ಮೂಟೆಗಟ್ಟಲೆ. ಸಾಧಾರಣ ಕಾಮಗಾರಿಯಲ್ಲಿ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ತಪ್ಪು ಇಲ್ಲಿ ಬಹುಮಟ್ಟಿಗೆ ಸುರಕ್ಷಿತ ಕಡೆಗೇ ವಾಲುತ್ತದೆ, ಯಾಕೆಂದರೆ ಒಂದಕ್ಕೊಂದು ಕಚ್ಚಿ ಕೂತ ಜಲ್ಲಿ ಬಲ ಹೆಚ್ಚಿಸುತ್ತದೆ. ಅದೃಷ್ಟ ಅನ್ನಬೇಕು.

ಟ್ರಯಾಕ್ಸಿಯಲ್ ಪರೀಕ್ಷೆ ಈ ಮಿತಿಗಳನ್ನು ಮೀರುತ್ತದೆ. 38 ಮಿ.ಮೀ. ವ್ಯಾಸ, 76 ಮಿ.ಮೀ. ಎತ್ತರದ ಮಣ್ಣಿನ ಉರುಳೆಗೆ ತೆಳು ರಬ್ಬರ್ ಚೀಲ ತೊಡಿಸಿ, ನೀರು ತುಂಬಿದ ಪಾರದರ್ಶಕ ಕೋಶದಲ್ಲಿ ನಿಲ್ಲಿಸಿ, ಸುತ್ತಲಿಂದ ಒತ್ತಡ ಕೊಟ್ಟು ಮೇಲಿನಿಂದ ಅದುಮುತ್ತಾರೆ. ಭೂಮಿಯೊಳಗೆ ಮಣ್ಣು ಇರುವ ಸ್ಥಿತಿಗೆ ಇದು ಹತ್ತಿರ. ನೀರು ಬಿಡುವ ಕೊಳವೆಯನ್ನು ಬೇಕಾದಾಗ ತೆರೆಯಬಹುದು, ಮುಚ್ಚಬಹುದು, ಒಳಗಿನ ನೀರಿನ ಒತ್ತಡ ಓದಬಹುದು. ಕೊಳವೆ ಮುಚ್ಚಿ ಬೇಗ ಮುಗಿಸುವ ಬಗೆಗೆ ಅದೇ ಸಂಹಿತೆಯ 11ನೇ ಭಾಗ, ಮೊದಲು ನೀರು ಬಸಿದು ಆಮೇಲೆ ಮುಚ್ಚಿ ಒತ್ತಡ ಅಳೆಯುತ್ತ ಮಾಡುವ ಬಗೆಗೆ 12ನೇ ಭಾಗ. ಮೊದಲನೆಯದು ನಿಮಿಷಗಳ ಕೆಲಸ. ಎರಡನೆಯದಕ್ಕೆ ಒಂದೊಂದು ಉರುಳೆಗೂ ದಿನಗಟ್ಟಲೆ ಹಿಡಿಯುತ್ತದೆ, ಜೇಡಿಯಾದರೆ ಇನ್ನೂ ಹೆಚ್ಚು.

ಯಾವುದು ಯಾವಾಗ ಎಂಬುದಕ್ಕೆ ಮಣ್ಣಿನ ಏರಿಯ ಉದಾಹರಣೆಯೇ ಸ್ಪಷ್ಟ. ಏರಿ ಕಟ್ಟಿ ಮುಗಿಸಿದ ದಿನ ಒಳಗಿನ ತೇವಕ್ಕೆ ಹೊರಹೋಗಲು ಸಮಯ ಸಿಕ್ಕಿರುವುದಿಲ್ಲ, ಅದಕ್ಕೆ ಮೊದಲ ಬಗೆ. ಕೆರೆ ತುಂಬಿ ನೀರು ವರ್ಷಗಟ್ಟಲೆ ನಿಧಾನ ಜಿನುಗುತ್ತಿರುವಾಗ, ತುಂಬಿದ ನೀರನ್ನು ಒಮ್ಮೆಗೇ ಇಳಿಸಿದಾಗ, ಏರಿಯೊಳಗಿನ ನೀರಿನ ಒತ್ತಡ ಲೆಕ್ಕಕ್ಕೆ ಬರಲೇಬೇಕು. ಕೆರೆಯೇರಿ ಒಳಮೈಯಲ್ಲಿ ಜಾರುವುದು ತುಂಬಿದಾಗಲ್ಲ, ದಿಢೀರನೆ ಖಾಲಿಯಾದಾಗ ಎಂಬುದು ಹಲವರಿಗೆ ಅಚ್ಚರಿ. ಆಸರೆಯಾಗಿದ್ದ ನೀರು ಹೊರಗಿನಿಂದ ಹೋಗಿರುತ್ತದೆ, ಮಣ್ಣಿನೊಳಗಿನದು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಮೈಸೂರಿನ ನೆರೆಯ ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇರುವುದು ಇಂಥ ನೀರಾವರಿ ಕಾಮಗಾರಿಗಳ ಸಲುವಾಗಿ. ಅಣೆಕಟ್ಟಿನ ಮಣ್ಣಿಗೆ ಇಷ್ಟು ಶ್ರದ್ಧೆ ತೋರಿದ ಸೀಮೆಯಲ್ಲಿ ಅಪಾರ್ಟ್‌ಮೆಂಟಿನ ಗುಂಡಿಗೆ ಅದರ ಹತ್ತರಲ್ಲೊಂದು ಪಾಲು ಶ್ರದ್ಧೆ ಸಿಕ್ಕರೂ ಸಾಕಿತ್ತು.

ಈಗ ಕೆಂಪು ಮಣ್ಣಿಗೆ ಬರೋಣ, ಯಾಕೆಂದರೆ ಮೈಸೂರಿನ ಮಟ್ಟಿಗೆ ನಿಜವಾದ ವಿಷಯ ಇರುವುದು ಅಲ್ಲಿ. ಬೇಸಿಗೆಯಲ್ಲಿ ಈ ಮಣ್ಣನ್ನು ಹತ್ತಡಿ ನೆಟ್ಟಗೆ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ಜೆಸಿಬಿಯ ಹಲ್ಲಿನ ಗುರುತು ಕೂಡ ತಿಂಗಳುಗಟ್ಟಲೆ ಅಳಿಯುವುದಿಲ್ಲ. ನೋಡಿದವರಿಗೆ ಆಸರೆ ಕಟ್ಟುವುದು ದುಂದುವೆಚ್ಚ ಅನ್ನಿಸುವುದು ಸಹಜ. ಆದರೆ ಆ ಬಿಗಿಯಲ್ಲಿ ದೊಡ್ಡ ಪಾಲು ಮಣ್ಣಿನ ಸ್ವಂತದ್ದಲ್ಲ. ಕಣಗಳ ನಡುವೆ ಉಳಿದ ಅಲ್ಪ ತೇವ ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ, ಒದ್ದೆ ಮರಳಿನಲ್ಲಿ ಮಕ್ಕಳು ಕಟ್ಟಿದ ಗುಡಿ ನಿಲ್ಲುವ ಹಾಗೆ. ನೀರು ತುಂಬಿ ರಂಧ್ರಗಳು ಭರ್ತಿಯಾದರೆ ಎಳೆತ ಇಲ್ಲವಾಗುತ್ತದೆ.

ಅಂಕಿಗಳಲ್ಲಿ ನೋಡಿದರೆ ಇದರ ಬಿಸಿ ತಟ್ಟುತ್ತದೆ. ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಬಂದ ಸ್ಥಿತಿಯಲ್ಲೇ ಪರೀಕ್ಷಿಸಿದ ಮಣ್ಣು 50, 100, 150 ಕಿಲೋಪಾಸ್ಕಲ್ ಭಾರಗಳಲ್ಲಿ 47, 76, 105 ಕಿಲೋಪಾಸ್ಕಲ್ ತಡೆ ತೋರಿತು. ಗೆರೆ ಎಳೆದರೆ ಅಂಟು 18, ಕೋನ 30 ಡಿಗ್ರಿ. ಅದೇ ಮಣ್ಣನ್ನು ಪೆಟ್ಟಿಗೆಯಲ್ಲೇ ನೆನೆಹಾಕಿ ಪರೀಕ್ಷಿಸಿದಾಗ 31, 58, 85 ಬಂತು. ಅಂಟು 4, ಕೋನ 28 ಚಿಲ್ಲರೆ. ಕೋನ ಹೆಚ್ಚು ಕದಲಲಿಲ್ಲ, ಅಂಟು ಮುಕ್ಕಾಲಿಗಿಂತ ಹೆಚ್ಚು ಹೋಯಿತು. ಈಗ ಆಸರೆಯಿಲ್ಲದೆ ನೆಟ್ಟಗೆ ಕಡಿದ ಮಣ್ಣು ಎಷ್ಟೆತ್ತರ ನಿಲ್ಲುತ್ತದೆಂದು ಪಠ್ಯಪುಸ್ತಕದ ಸೂತ್ರ ಹಾಕಿ ನೋಡಿದರೆ, ಮೊದಲ ಅಂಕಿಗಳಿಗೆ ಸುಮಾರು 6.9 ಮೀಟರ್, ಎರಡನೆಯವಕ್ಕೆ 1.4 ಮೀಟರ್. ಮೂರು ಮೀಟರಿನ ಗುಂಡಿ ಮಾರ್ಚಿನಲ್ಲಿ ನಿಶ್ಚಿಂತೆಯಾಗಿ ನಿಂತು ಅಕ್ಟೋಬರಿನಲ್ಲಿ ಪಕ್ಕದ ಕಾಂಪೌಂಡನ್ನೂ ಎಳೆದುಕೊಂಡು ಬೀಳುವ ಕಥೆ ಈ ಎರಡು ಸಂಖ್ಯೆಗಳ ನಡುವೆ ಇದೆ. ಮೈಸೂರಿಗೆ ವರ್ಷಕ್ಕೆ ಬರುವ ಮಳೆ ಸುಮಾರು 800 ಮಿ.ಮೀ. ಮಾತ್ರ, ಆದರೆ ಅದರಲ್ಲಿ ಮೇ ಮತ್ತು ಅಕ್ಟೋಬರಿನ ಪಾಲು ದೊಡ್ಡದು. ಬೇಸಿಗೆಯಲ್ಲಿ ಅಗೆತ ಶುರುಮಾಡಿ ಹಿಂಗಾರಿನ ಹೊತ್ತಿಗೂ ಗೋಡೆ ಏಳದ ಕಾಮಗಾರಿಯೇ ಅಪಾಯಕ್ಕೆ ಹತ್ತಿರ.

ಹಾಗಾಗಿ ಮಣ್ಣಿನ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಪರೀಕ್ಷೆಯ ಹೊತ್ತಿಗೆ ಮಣ್ಣು ನೆನೆದಿತ್ತೇ ಇಲ್ಲವೇ ಎಂಬುದನ್ನು. ಹಲವು ವರದಿಗಳಲ್ಲಿ ಆ ಸಾಲೇ ಇರುವುದಿಲ್ಲ. ಇದ್ದರೂ ಓದುವವರು ಯಾರು? ಕಟ್ಟಿಸುವವರು ನೇರ ಕೊನೆಯ ಪುಟಕ್ಕೆ ಹೋಗಿ ಎಸ್‌ಬಿಸಿ, ಅಂದರೆ ನೆಲ ಸುರಕ್ಷಿತವಾಗಿ ಹೊರುವ ಭಾರ, ಚದರ ಮೀಟರಿಗೆ ಎಷ್ಟು ಟನ್ ಎಂದು ನೋಡುತ್ತಾರೆ. ಇಪ್ಪತ್ತು ಇದ್ದರೆ ಸಂತೋಷ, ಹತ್ತಿದ್ದರೆ ‘ಇನ್ನೊಂದು ಲ್ಯಾಬಿಗೆ ಕೊಡೋಣವಾ?’

ಆ ಒಂದು ಸಂಖ್ಯೆ ಎಷ್ಟು ನಾಜೂಕಿನದೆಂದರೆ, ಪಾಯದಡಿಯ ನೆಲ ಹೊರುವ ಭಾರವನ್ನು ಲೆಕ್ಕಹಾಕುವ ಐಎಸ್ 6403 ಸಂಹಿತೆಯ ಕೋಷ್ಟಕದಲ್ಲಿ ಪಾಯದ ಅಗಲಕ್ಕೆ ಗುಣಿಸುವ ಅಂಶ ಕೋನ 30 ಡಿಗ್ರಿ ಇದ್ದಾಗ 22.40, 35 ಇದ್ದಾಗ 48.03. ಐದು ಡಿಗ್ರಿಗೆ ದುಪ್ಪಟ್ಟು ಮೀರುತ್ತದೆ. ಮೂರು ಬಿಂದುಗಳ ನಡುವೆ ಸ್ಕೇಲಿಟ್ಟು ಗೆರೆ ಎಳೆಯುವ ಕೈ ಸ್ವಲ್ಪ ಉದಾರವಾದರೆ ಐದು ಡಿಗ್ರಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ಲೆಕ್ಕದ ಕೊನೆಗೆ ಸುರಕ್ಷತೆಗೆಂದು ಎರಡೂವರೆ, ಮೂರರಿಂದ ಭಾಗಿಸುವ ಪದ್ಧತಿ ಬಂದಿರುವುದಕ್ಕೆ ಇಂಥ ಅನಿಶ್ಚಿತತೆಗಳೇ ಕಾರಣ. ಮನೆಗಳನ್ನು ಉಳಿಸಿರುವುದು ಹಲವು ಸಲ ಆ ಭಾಗಾಕಾರವೇ.

ಲ್ಯಾಬಿನ ಮೇಲೆ ಗೂಬೆ ಕೂರಿಸುವ ಮೊದಲು ಸ್ಯಾಂಪಲ್ ಬಂದ ದಾರಿಯನ್ನು ನೋಡಬೇಕು. ವರದಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಮಾತು ಇರುತ್ತದೆ: ಈ ಫಲಿತಾಂಶ ನಮಗೆ ತಂದುಕೊಟ್ಟ ಮಾದರಿಗೆ ಮಾತ್ರ ಸಂಬಂಧಿಸಿದ್ದು. ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಲ್ಯಾಬಿಗಿದ್ದ ಮಾತ್ರಕ್ಕೆ ಆ ಮಣ್ಣು ನಿಜವಾಗಿ ಆರು ಮೀಟರ್ ಆಳದಿಂದ ಬಂತೆಂದು ಆಗುವುದಿಲ್ಲ. ಬೋರ್ ಕೊರೆಯುವಾಗ ಮಾಡುವ ಎಸ್‌ಪಿಟಿಯಲ್ಲಿ 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತ, ಕೊಳವೆಯೊಂದು ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುತ್ತಾರೆ. ಆ ಕೊಳವೆಯಲ್ಲಿ ಬರುವ ಮಣ್ಣು ಪೆಟ್ಟು ತಿಂದು ಕಲಕಿದ್ದು. ಜಾತಿ ಗುರುತಿಸಲು ಸಾಕು, ಶಿಯರ್ ಬಲಕ್ಕೆ ಬಾರದು. ಅದಕ್ಕೆ ತೆಳು ಗೋಡೆಯ ಕೊಳವೆಯನ್ನು ಒತ್ತಿ ಇಳಿಸಿ, ಎತ್ತಿ, ಎರಡೂ ಬಾಯಿಗೆ ಮೇಣ ಹುಯ್ದು, ಅಲುಗಾಡದಂತೆ ತರಬೇಕು. ಮೈಸೂರಿನ ಮೊರಮ್ಮಿಗೆ ಆ ಕೊಳವೆ ಇಳಿಯುವುದೇ ಇಲ್ಲ, ಬಾಯಿ ಮಡಚಿಕೊಳ್ಳುತ್ತದೆ. ಕೊನೆಗೆ ಆಗುವುದೇನು? ಕಲಕಿದ ಮಣ್ಣನ್ನೇ ಪೆಟ್ಟಿಗೆಗೆ ಅದುಮಿ ತುಂಬುವುದು, ಇಲ್ಲವೇ ಪೆಟ್ಟಿನ ಎಣಿಕೆಯಿಂದ ಕೋಷ್ಟಕ ನೋಡಿ ಕೋನ ಬರೆಯುವುದು. ಎರಡನೆಯದು ಅಡ್ಡದಾರಿಯಂತೆ ಕಂಡರೂ ಜಲ್ಲಿಮಣ್ಣಿನಲ್ಲಿ ಮೊದಲನೆಯದಕ್ಕಿಂತ ಪ್ರಾಮಾಣಿಕ. ತೆರೆದ ಗುಂಡಿ ಇದ್ದರೆ ಇನ್ನೂ ಒಳ್ಳೆಯ ದಾರಿಯಿದೆ. ಅದರ ಗೋಡೆಯಿಂದ ಒಂದು ಮಣ್ಣಿನ ದಿಮ್ಮಿಯನ್ನು ಕೈಯಲ್ಲಿ ಕೊರೆದು ತೆಗೆದು, ಬಟ್ಟೆ ಸುತ್ತಿ, ಮೇಣ ಬಳಿದು ಲ್ಯಾಬಿಗೆ ತರುವುದು. ಕೂಲಿ ಬಿಟ್ಟರೆ ಇದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು.

ಕೆರೆಗಳ ಮಾತು ಬೇರೆಯೇ. ದಸರಾ ವಸ್ತುಪ್ರದರ್ಶನ ನಡೆಯುವ ಜಾಗ ದೊಡ್ಡಕೆರೆ ಮೈದಾನ. ನಗರದ ನಡುವಿನ ಸುಬ್ಬರಾಯನಕೆರೆ ಇಂದು ಉದ್ಯಾನ. ಜೆ.ಕೆ. ಮೈದಾನ ಅನ್ನುವುದು ಜೀವರಾಯನಕಟ್ಟೆ. ಈ ಮೂರರ ಅದೃಷ್ಟ, ಹೆಚ್ಚಿನ ಪಾಲು ಬಯಲಾಗಿಯೇ ಉಳಿದಿವೆ. ಹೆಸರೂ ಉಳಿಯದೆ ಬಡಾವಣೆಯಾದ ಕುಂಟೆ, ಕಾಲುವೆಗಳ ಮೇಲೆ ಕಟ್ಟುವವರಿಗೆ ಸಿಗುವುದು ಮೇಲೆ ಹತ್ತಡಿ ಭರ್ತಿ, ಕಟ್ಟಡದ ಅವಶೇಷ, ಕೆಳಗೆ ಹಳೆಯ ಹೂಳಿನ ಜೇಡಿ. ಇಂಥಲ್ಲಿ ಹಾರೆ ಮೇಸ್ತ್ರಿಗೆ ಸುಳ್ಳು ಹೇಳುತ್ತದೆ, ಭರ್ತಿಯ ಇಟ್ಟಿಗೆ ಚೂರಿಗೂ ಅದು ಎಗರುತ್ತದೆ. ಇಂಥ ಮೋಸ ಹೊಸದಲ್ಲ. ಕೆನಡಾದ ಟ್ರಾನ್ಸ್‌ಕೋನಾದಲ್ಲಿ 1913ರ ಅಕ್ಟೋಬರಿನಲ್ಲಿ ಹೊಸ ಧಾನ್ಯದ ಕಣಜವೊಂದು, ಕಾಳು ತುಂಬುತ್ತಿದ್ದಂತೆ, ಒಡೆಯದೆ ಬಿರಿಯದೆ ಇಡಿಯಾಗಿ ಸುಮಾರು 27 ಡಿಗ್ರಿ ವಾಲಿಕೊಂಡಿತು. ಮೊದಲೇ ನೆಲದ ಪರೀಕ್ಷೆ ಮಾಡಿದ್ದರು. ಅದು ಮೇಲಿನ ಬಿಗಿ ಪದರವನ್ನಷ್ಟೇ ಮುಟ್ಟಿತ್ತು, ಭಾರ ತಲುಪಿದ್ದು ಕೆಳಗಿನ ಮೆದು ಜೇಡಿಯನ್ನು. ಹೂಳಿನ ಜೇಡಿಗೆ ಉರುಳೆಯನ್ನು ಸುತ್ತ ಆಸರೆಯಿಲ್ಲದೆ ಅದುಮುವ, ಐಎಸ್ 2720ರ 10ನೇ ಭಾಗದ ಸರಳ ಪರೀಕ್ಷೆ ಅಥವಾ ನಾಲ್ಕು ರೆಕ್ಕೆಯ ವೇನ್ ತಿರುಗಿಸುವ ಪರೀಕ್ಷೆ ಸಾಕು. ಬಂದ ಬಲದ ಅರ್ಧವೇ ಅದರ ಶಿಯರ್ ಬಲ ಎಂಬುದು ಮೊದಲನೆಯದರ ಲೆಕ್ಕ. ದುಬಾರಿ ಯಂತ್ರವೇನೂ ಬೇಡ, ಆ ಪದರದವರೆಗೆ ಬೋರ್ ಇಳಿದಿರಬೇಕು ಅಷ್ಟೇ.

ನಂಜನಗೂಡು, ತಿ. ನರಸೀಪುರದ ಕಡೆ ಸಿಗುವ ಎರೆಮಣ್ಣು ಇನ್ನೊಂದು ಅಧ್ಯಾಯ. ನೆನೆದರೆ ಉಬ್ಬಿ ಬಲ ಕಳೆದುಕೊಳ್ಳುವ, ಒಣಗಿದರೆ ಸೀಳಿ ಆ ಸೀಳಿನಲ್ಲೇ ಮತ್ತೆ ನೀರು ಕುಡಿಯುವ ಮಣ್ಣು. ಅಲ್ಲಿ ಶಿಯರ್ ಬಲಕ್ಕಿಂತ ಉಬ್ಬರವೇ ಮೊದಲ ಶತ್ರುವಾದ್ದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ. ಜೇಡಿಯಾದರೂ ಎಲ್ಲ ಜೇಡಿ ಒಂದಲ್ಲ, ಅದರ ವರ್ತನೆಯನ್ನು ಖನಿಜದ ಮಟ್ಟದಲ್ಲೇ ಹುಡುಕಬೇಕು ಎಂದು ತೋರಿಸಿದ ಮುಖ್ಯ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸೂರಿ ಶ್ರೀಧರನ್ ಅವರಿಂದ ನಡೆದದ್ದು ಎಂಬುದನ್ನು ಮಾತ್ರ ನೆನೆಯಬೇಕು.

ಇಳಿಜಾರುಗಳ ವಿಷಯದಲ್ಲಿ ರಾಜ್ಯ ಈಚೆಗೆ ತೆತ್ತ ಬೆಲೆ ದೊಡ್ಡದು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡಗಳು ಜಾರಿದವು. ಆ ಮಳೆಯ ಮುಂದೆ ಮೈಸೂರಿನ ಮಳೆ ಏನೂ ಅಲ್ಲ, ಆ ಇಳಿಜಾರುಗಳ ಮುಂದೆ ಚಾಮುಂಡಿಯ ಮಣ್ಣಿನ ಹೊದಿಕೆಯೂ ತೆಳು. ಆದರೂ ತತ್ವ ಒಂದೇ. ನೀರು ಇಳಿಯಿತು, ಎಳೆತ ಹೋಯಿತು, ರಂಧ್ರದ ಒತ್ತಡ ಏರಿತು, ಹಲವು ಕಡೆ ಬುಡವನ್ನು ಯಾರೋ ಮೊದಲೇ ಕಡಿದಿರುತ್ತಾರೆ. ಇಂಥಲ್ಲಿ ಲ್ಯಾಬಿನ ಅಂಕಿ ಒಂದೇ ಕಾಪಾಡುವುದಿಲ್ಲ. ಚರಂಡಿ, ತಡೆಗೋಡೆಯ ಬೆನ್ನಿಗೆ ಜಲ್ಲಿ, ನೀರು ಹೊರಬರುವ ತೂತುಗಳು ಇವೇ ಹೆಚ್ಚು ಕೆಲಸ ಮಾಡುತ್ತವೆ. ಆದರೆ ಚರಂಡಿ ಹೂಳು ತುಂಬಿ ಕಟ್ಟಿಕೊಂಡರೆ ಉಳಿಯುವ ಬಲವೆಷ್ಟು ಎಂದು ಕೇಳಿದರೆ ಉತ್ತರ ಕೊಡುವುದು ನೆನೆಹಾಕಿ ಮಾಡಿದ ಪರೀಕ್ಷೆ ಮಾತ್ರ.

ಸಾಮಾನ್ಯ ಮನೆಗೆ ಟ್ರಯಾಕ್ಸಿಯಲ್ ಬೇಕು ಎಂದು ವಾದಿಸುವುದು ಹಾಸ್ಯಾಸ್ಪದ. ಎರಡು ಪರೀಕ್ಷಾಗುಂಡಿ ತೋಡಿ, ಅಕ್ಕಪಕ್ಕದಲ್ಲಿ ಹಳೆಯ ಕೆರೆಯೋ ಬಾವಿಯೋ ಇತ್ತೇ ಎಂದು ಬೀದಿಯ ಹಿರಿಯರನ್ನು ಕೇಳಿಕೊಂಡರೆ ಅದು ಸಾಕು. ನೆಲಮಾಳಿಗೆ, ಭರ್ತಿ ನೆಲ, ಮೂರು ಮೀಟರ್ ಮೀರಿದ ತಡೆಗೋಡೆ, ಬೆಟ್ಟದ ರಸ್ತೆ ಈ ನಾಲ್ಕಕ್ಕೆ ಮಾತ್ರ ಕೆಲಸದ ಆದೇಶದಲ್ಲಿ ‘ಮಣ್ಣು ಪರೀಕ್ಷೆ ಮಾಡಿಸತಕ್ಕದ್ದು’ ಎಂಬ ಒಂದು ಸಾಲಿನ ಬದಲು ಯಾವ ಪರೀಕ್ಷೆ, ಯಾವ ಆಳದ ಮಣ್ಣು, ನೆನೆಸಿಯೋ ನೆನೆಸದೆಯೋ, ಯಾವ ವೇಗದಲ್ಲಿ ಎಂದು ಬರೆಯಬೇಕು. ಈಗ ಅದನ್ನು ಬರೆಯುವವರು ಯಾರೆಂಬುದೇ ಇತ್ಯರ್ಥವಾಗಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಅದು ಬೋರ್ ಕೊರೆಯುವವರ ಕೆಲಸ ಅನ್ನುತ್ತಾರೆ, ಬೋರಿನವರು ತಮಗೆ ಕೇಳಿದ್ದಷ್ಟು ಮಾಡಿದ್ದೇವೆ ಅನ್ನುತ್ತಾರೆ, ಲ್ಯಾಬಿನವರು ಸಣ್ಣಕ್ಷರದ ಸಾಲನ್ನು ತೋರಿಸುತ್ತಾರೆ. ಮೂವರೂ ಹೇಳುವುದು ಸರಿಯೇ. ನನ್ನ ಮಟ್ಟಿಗೆ ಈ ಹೊಣೆ ಸ್ಟ್ರಕ್ಚರಲ್ ಎಂಜಿನಿಯರಿನದು, ಯಾಕೆಂದರೆ ಬಂದ ಅಂಕಿಯನ್ನು ಲೆಕ್ಕಕ್ಕೆ ಹಾಕಿ ಸಹಿ ಮಾಡುವವರು ಅವರು.